ಸ್ಲ್ಯಾಬಿನ ಮೇಲೆ ಕೂರುವ ಗೋಡೆ: ಈಟ್ಯಾಬ್ಸ್ ಮತ್ತು ಸೇಫ್, ಹಲವು ವರ್ಷಗಳ ಬಳಕೆಯ ನಂತರ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ವಿನ್ಯಾಸ ಮಾಡುವವರಿಗೆ ಈಟ್ಯಾಬ್ಸ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶವನ್ನು ಪರಿಚಯಿಸಬೇಕಿಲ್ಲ. ಕಟ್ಟಡದ ಚೌಕಟ್ಟಿಗೂ ಭೂಕಂಪದ ಲೆಕ್ಕಕ್ಕೂ ಅದು ಸಮರ್ಥ. ನಾನು ಬರೆಯಹೊರಟಿರುವುದು ಒಂದೇ ಕೆಲಸದ ಬಗ್ಗೆ: ಕೆಳಗೆ ಬೀಮ್ ಇಲ್ಲದೆ ನೇರ ಸ್ಲ್ಯಾಬಿನ ಮೇಲೆ ಬರುವ ಗೋಡೆ.

ಮೊದಲ ಲೆಕ್ಕ ಕೈಯಲ್ಲೇ ಆಗಬೇಕು. 3 ಮೀಟರ್ ಅಂತಸ್ತು, 150 ಮಿ.ಮೀ. ಸ್ಲ್ಯಾಬ್ ಎಂದರೆ ಗೋಡೆಯ ಎತ್ತರ 2.85 ಮೀಟರ್. 100 ಮಿ.ಮೀ. ಸಾಲಿಡ್ ಬ್ಲಾಕಿಗೆ ಘನಮೀಟರಿಗೆ 22 ಕಿಲೋನ್ಯೂಟನ್ ಹಿಡಿದರೆ, ಪ್ಲಾಸ್ಟರ್ ಸೇರಿ ಮೀಟರಿಗೆ ಸುಮಾರು 7.7 ಕಿಲೋನ್ಯೂಟನ್. ಅದೇ ದಪ್ಪದ ಎ.ಎ.ಸಿ. (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿಗೆ 8 ಹಿಡಿದರೆ ಸುಮಾರು 3.7. ಈ ವ್ಯತ್ಯಾಸ ಚಿಕ್ಕದಲ್ಲ. ಗೋಡೆಯ ಜಾಗ ನಿಗದಿಯಾಗದಿದ್ದಾಗ, ಮೀಟರ್ ಉದ್ದದ ಭಾರದ ಮೂರನೇ ಒಂದು ಭಾಗವನ್ನು, ಚದರ ಮೀಟರಿಗೆ ಕನಿಷ್ಠ 1 ಕಿಲೋನ್ಯೂಟನ್‌ನಂತೆ, ಇಡೀ ಸ್ಲ್ಯಾಬಿಗೆ ಹರಡಲು ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐ.ಎಸ್. 875ರ ಎರಡನೇ ಭಾಗ ಒಪ್ಪುತ್ತದೆ. ಆದರೆ ಗೋಡೆಯ ಭಾರ ಮೀಟರಿಗೆ 4 ಕಿಲೋನ್ಯೂಟನ್, ಗೋಡೆಯ ಚದರ ಮೀಟರಿಗೆ 1.5 ಮೀರಬಾರದು. ಎ.ಎ.ಸಿ. ಇದರಲ್ಲಿ ಪಾಸಾಗುತ್ತದೆ, ಸಾಲಿಡ್ ಬ್ಲಾಕ್ ಇಲ್ಲ. ಎಲ್ಲ ಗೋಡೆಗೂ ಒಂದೇ ಅಂಕಿ ಹರಡಿ ಮುಗಿಸುವವರನ್ನು ತಂತ್ರಾಂಶ ತಡೆಯುವುದಿಲ್ಲ.

ಸಾಲಿಡ್ ಬ್ಲಾಕಿಗೆ ಗೋಡೆಯ ಗೆರೆಯಲ್ಲಿ ಸೆಕ್ಷನ್ ಇಲ್ಲದ (ಅಂದರೆ ಸ್ವಂತ ಬಿಗಿತವಿಲ್ಲದ) ರೇಖೆ ಎಳೆದು, ಅದರುದ್ದಕ್ಕೂ ಲೈನ್ ಲೋಡ್ ಕೊಡುತ್ತೇನೆ. ಮಾಡೆಲ್‌ನಲ್ಲಿ ಸ್ಲ್ಯಾಬ್ ಶೆಲ್ ಆಗಿರಲೇಬೇಕು, ಅಂದರೆ ಬಾಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ ಬಗೆ. ಇನ್ನೊಂದು ಬಗೆಯಾದ ಮೆಂಬ್ರೇನಿಗೆ ಬಾಗುವ ಬಿಗಿತವೇ ಇಲ್ಲದ ಕಾರಣ ಗೋಡೆಯಡಿಯ ಮೊಮೆಂಟ್ (ಬಾಗಿಸುವ ಪರಿಣಾಮ) ಅದರಲ್ಲಿ ಸಿಗದು. ಲೆಕ್ಕಕ್ಕಾಗಿ ಸ್ಲ್ಯಾಬನ್ನು ಸಣ್ಣ ತುಂಡುಗಳಾಗಿ ಒಡೆಯುವ ಮೆಶ್ ಆ ರೇಖೆಯ ಮೇಲೇ ಹಾಯಬೇಕು.

ನನಗೆ ನಿಜವಾಗಿ ತಕರಾರಿರುವುದು ಬ್ಲಾಕ್ ಗೋಡೆಯನ್ನೇ ಶೆಲ್ ಆಗಿ ಮಾಡೆಲ್ ಮಾಡುವ ಹೊಸ ಚಾಳಿಯ ಬಗ್ಗೆ. ಪರದೆಯ ಮೇಲೆ ಅಂಥ ಗೋಡೆ ಆಳವಾದ ಬೀಮಿನಂತೆ ತುದಿಯಿಂದ ತುದಿಗೆ ತಾನೇ ಚಾಚಿ ನಿಂತು, ಭಾರವನ್ನು ತುದಿಗಳಿಗೆ ಒಯ್ಯುತ್ತದೆ. ಸ್ಲ್ಯಾಬಿನ ನಡುವಿನ ಮೊಮೆಂಟ್ ಇಳಿದು ಕಬ್ಬಿಣವೂ ಉಳಿಯುತ್ತದೆ. ಆದರೆ ಸೈಟಿನಲ್ಲಿ ಗೋಡೆ ಏಳುವುದು ವರಸೆ ವರಸೆಯಾಗಿ, ಹಸಿ ಗಾರೆಯಲ್ಲಿ. ಗೋಡೆಗೆ ಬಿಗಿತ ಬರುವ ಮೊದಲೇ ಸ್ಲ್ಯಾಬ್ ಆ ಭಾರಕ್ಕೆ ಬಾಗಿರುತ್ತದೆ. ನಾಳೆ ಮನೆಯವರು ಅದರಲ್ಲೇ ಬಾಗಿಲು ಕೊರೆಸಿದರೆ ಆ ಆಳದ ಬೀಮ್ ಎಲ್ಲಿ? ಟ್ರಾನ್ಸ್‌ಫರ್ ಸ್ಲ್ಯಾಬಿನ (ಮೇಲಿನ ಗೋಡೆ, ಕಂಬಗಳ ಭಾರವನ್ನು ಬೇರೆಡೆಯ ಕಂಬಗಳಿಗೆ ದಾಟಿಸುವ ದಪ್ಪ ಸ್ಲ್ಯಾಬ್) ಮೇಲಿನ ಕಾಂಕ್ರೀಟ್ ಗೋಡೆಯ ಮಾತು ಬೇರೆ. ಅದನ್ನು ಮಾಡೆಲ್ ಮಾಡಿ, ಪಿಯರ್ (ಗೋಡೆಯ ಒಟ್ಟು ಬಲಗಳನ್ನು ಕೊಡುವ ಗುರುತು) ಎಂದು ಹೆಸರಿಟ್ಟು, ಬುಡದ ಬಲಗಳನ್ನು ಓದಬೇಕು; ಅಂತಸ್ತು ಅಂತಸ್ತಾಗಿ ಕಟ್ಟುವ ಕ್ರಮದ ವಿಶ್ಲೇಷಣೆಯನ್ನೂ ಮಾಡಬೇಕು. ಇಲ್ಲಿ ಈಟ್ಯಾಬ್ಸ್‌ಗೆ ಪೂರ್ಣ ಅಂಕ.

ಸ್ಲ್ಯಾಬ್ ವಿನ್ಯಾಸದ ಜೊತೆ ತಂತ್ರಾಂಶವಾದ ಸೇಫ್‌ಗೆ ಕೊಟ್ಟ ಹಣ ವಸೂಲಾಗುವುದು ಬಾಗುವಿಕೆಯ ಲೆಕ್ಕದಲ್ಲಿ. ಗೋಡೆ ಕಟ್ಟಿದ ನಂತರದ ಬಾಗು, ಕಾಂಕ್ರೀಟ್ ವಿನ್ಯಾಸದ ಮಾನದಂಡ ಐ.ಎಸ್. 456ರಂತೆ, ಸ್ಪ್ಯಾನಿನ 350ರಲ್ಲೊಂದು ಭಾಗ ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದನ್ನು ಮೀರಬಾರದು. 5 ಮೀಟರಿಗೆ 14 ಮಿ.ಮೀ. ಬಿರುಕು ಬಿಟ್ಟ ಸ್ಲ್ಯಾಬಿನ ದೀರ್ಘಾವಧಿ ಬಾಗನ್ನು ಕೈಯಲ್ಲಿ ಹಾಕುವುದು ತಲೆನೋವಿನ ಕೆಲಸ. ಸೇಫ್ ಅದನ್ನು ನೆಮ್ಮದಿಯಾಗಿ ಮಾಡುತ್ತದೆ.

ಎರಡು ಲೈಸೆನ್ಸುಗಳ ಬೆಲೆ ಸಣ್ಣ ಕಚೇರಿಗೆ ಭಾರವೇ. ಮೂವತ್ತು–ನಲವತ್ತರ ನಿವೇಶನದ ಮನೆಗಷ್ಟೇ ಆದರೆ ಗೋಡೆಯಡಿ ಬೀಮ್ ಕೊಟ್ಟುಬಿಡಿ. ಕೊಂಡವರಿಗೆ ಒಂದು ಸಲಹೆ: ಗೋಡೆಗಳಿಗೆ ಪ್ರತ್ಯೇಕ ಲೋಡ್ ಪ್ಯಾಟರ್ನ್ (ಭಾರದ ಗುಂಪು) ಇಟ್ಟು, ಸ್ವಂತ ತೂಕದ ಗುಣಕವನ್ನು ಸೊನ್ನೆ ಮಾಡಿ. ಆ ಪ್ಯಾಟರ್ನಿನ ಒಟ್ಟು ಬೇಸ್ ರಿಯಾಕ್ಷನ್ (ಕಟ್ಟಡದ ಬುಡಕ್ಕೆ ಬಂದು ಸೇರುವ ಭಾರ) ನಿಮ್ಮ ಕೈಲೆಕ್ಕದ ಮೊತ್ತಕ್ಕೆ ತಾಳೆಯಾಗದಿದ್ದರೆ ಡ್ರಾಯಿಂಗ್ ಹೊರಗೆ ಕಳಿಸಬೇಡಿ. 5ಕ್ಕೆ 4.