ಬರೆಯುವವರಿಗೆ ಯಾವ ಸಮಾವೇಶ: ದೊಡ್ಡದೋ, ಚಿಕ್ಕದೋ, ಆನ್‌ಲೈನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿಕ್ಕದಕ್ಕೆ. ಪತ್ತೇದಾರಿ, ಹಾರರ್, ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಬರೆಯುವವರು ಸೇರುವ ಸಮಾವೇಶಗಳಲ್ಲಿ ಮೂರೂ ಬಗೆಯವನ್ನು ನೋಡಿದ್ದೇನೆ. ಸಾವಿರಗಟ್ಟಲೆ ಜನ ಸೇರುವ ದೊಡ್ಡದು, ಒಂದೇ ಹೋಟೆಲಿನೊಳಗೆ ಮುಗಿದುಹೋಗುವ ಚಿಕ್ಕದು, ಮನೆಯಲ್ಲೇ ಕೂತು ನೋಡುವ ಆನ್‌ಲೈನ್. ದುಡ್ಡು ಜಾಸ್ತಿ ಖರ್ಚಾಗಿದ್ದು ದೊಡ್ಡದಕ್ಕೆ. ನನ್ನ ಕಾದಂಬರಿಗೆ ಉಪಯೋಗವಾಗಿದ್ದು ಚಿಕ್ಕದರಿಂದ.

ದೊಡ್ಡದು ಅಂದರೆ ಸೈನ್ಸ್ ಫಿಕ್ಷನ್‌ನವರ ವಿಶ್ವ ಸಮಾವೇಶ ವರ್ಲ್ಡ್‌ಕಾನ್ ಥರದ್ದು. 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಅದು ಓದುಗರು, ಅಭಿಮಾನಿಗಳು ಸೇರಿ ಕಟ್ಟಿದ ಜಾತ್ರೆ. ಈಗ ವರ್ಷಕ್ಕೊಂದು ಊರು, ಸಾಮಾನ್ಯವಾಗಿ 5 ದಿನ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬರಹಗಳಿಗೆ ಸಿಗುವ ಹ್ಯೂಗೊ ಪ್ರಶಸ್ತಿ ಕೊಡುವುದು ಅಲ್ಲೇ, ಅದಕ್ಕೆ ಓಟು ಹಾಕುವವರು ಸಮಾವೇಶದ ಸದಸ್ಯರೇ. ಪತ್ತೇದಾರಿಯವರಿಗೆ 1970ರಿಂದ ಬೌಚರ್‌ಕಾನ್ ಇದೆ, ಅಲ್ಲೂ ಓದುಗರದ್ದೇ ಸಡಗರ. 1975ರಲ್ಲಿ ಶುರುವಾದ ವರ್ಲ್ಡ್ ಫ್ಯಾಂಟಸಿ ಕನ್ವೆನ್ಷನ್ನಿನ ಸ್ವಭಾವ ಬೇರೆ. ಅಲ್ಲಿ ಲೇಖಕರು, ಸಂಪಾದಕರು, ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವ ಏಜೆಂಟರೇ ಜಾಸ್ತಿ. 1987ರಿಂದ ನಡೆದುಬಂದ ರೀಡರ್‌ಕಾನ್‌ನಲ್ಲಂತೂ ಪುಸ್ತಕದ ಮಾತೇ ಮಾತು, ವೇಷ ಹಾಕಿಕೊಂಡು ಓಡಾಡುವ ಗಲಾಟೆ ಇಲ್ಲ. ಹೆಸರು ನೋಡಿದರೆ ಇದೆಲ್ಲ ಗೊತ್ತಾಗುವುದಿಲ್ಲ. ಹಿಂದಿನ ವರ್ಷದ ಕಾರ್ಯಕ್ರಮ ಪಟ್ಟಿ ತೆಗೆದು, ಅದರಲ್ಲಿ ಬರವಣಿಗೆಯ ಬಗ್ಗೆ ಎಷ್ಟಿದೆ, ಸಿನಿಮಾ-ಸೀರಿಯಲ್ ಬಗ್ಗೆ ಎಷ್ಟಿದೆ ಅಂತ ಒಮ್ಮೆ ಕಣ್ಣಾಡಿಸಿದರೆ ಸಾಕು.

ನಾನು ಹೋಗಿದ್ದ ದೊಡ್ಡ ಸಮಾವೇಶದ ಹೆಸರು ಇಲ್ಲಿ ಬೇಡ. ಅಲ್ಲಿನ ಸ್ವಯಂಸೇವಕರು ಒಳ್ಳೆಯವರು, ಪಾಪ, ಸಂಬಳವಿಲ್ಲದೆ ದುಡಿಯುತ್ತಾರೆ. ಪ್ಯಾನಲ್‌ಗಳು ಚೆನ್ನಾಗಿದ್ದವು. ಪುಸ್ತಕದ ಮಳಿಗೆಗಳಂತೂ ಬ್ಯಾಗು ತುಂಬಿಸಿ ಕಳಿಸುವಂಥವು. ನನಗೆ ತಲೆನೋವಾಗಿದ್ದು ಒಂದೇ, ಸಣ್ಣ ಮೇಜಿನ ಮಾತುಕತೆ.

ಇದನ್ನು ಕಾಫಿಕ್ಲಾಚ್ ಅಂತಾರೆ. ಒಬ್ಬ ಲೇಖಕರೋ ಸಂಪಾದಕರೋ ಒಂದು ಮೇಜಿಗೆ ಕೂರುತ್ತಾರೆ, ಸುತ್ತ ಎಂಟು-ಹತ್ತು ಜನ. ಭಾಷಣ ಇಲ್ಲ, ಮೈಕ್ ಇಲ್ಲ, ಕೇಳಿದ್ದಕ್ಕೆ ಉತ್ತರ. ಬರೆಯುವವರಿಗೆ ದೊಡ್ಡ ಸಮಾವೇಶದಲ್ಲಿ ನಿಜವಾಗಿ ಬೇಕಾಗಿರುವುದು ಇದೇ. ಹಾಗಾಗಿಯೇ ಎಲ್ಲರಿಗೂ ಇದೇ ಬೇಕು.

ನಾನು ಹೋದ ಕಡೆ ಮರುದಿನದ ಮೇಜುಗಳಿಗೆ ಹೆಸರು ಕೊಡುವುದು ಹಿಂದಿನ ದಿನ, ಫೋನಿನಲ್ಲಿ, ಗೊತ್ತುಮಾಡಿದ ಹೊತ್ತಿಗೆ. ಆ ಹೊತ್ತು ಸರಿಯಾಗಿ ಸಂಜೆಯ ಒಳ್ಳೆಯ ಪ್ಯಾನಲ್‌ನ ಮಧ್ಯಕ್ಕೆ ಬೀಳುತ್ತಿತ್ತು. ವೇದಿಕೆಯ ಮೇಲೆ ಒಬ್ಬರು ಕೊಲೆಯ ಸುಳಿವನ್ನು ಎಲ್ಲಿ ಬಚ್ಚಿಡಬೇಕು ಅಂತ ಹೇಳುತ್ತಿದ್ದಾರೆ, ಕೆಳಗೆ ಅರ್ಧ ಸಭಾಂಗಣ ತಲೆ ಬಗ್ಗಿಸಿಕೊಂಡು ಸ್ಕ್ರೀನ್ ಒತ್ತುತ್ತಿದೆ. ಒತ್ತಿದೆ, ಸುತ್ತಿತು, ಸುತ್ತಿತು, "ಭರ್ತಿಯಾಗಿದೆ" ಅಂತ ಬಂತು. ಇನ್ನೊಂದು ಮೇಜು ಒತ್ತಿದೆ. ಅದೂ ಭರ್ತಿ. ಮೂರನೆಯದಕ್ಕೆ ವೇಟಿಂಗ್ ಲಿಸ್ಟಿನಲ್ಲಿ ಜಾಗ ಸಿಕ್ಕಿತು.

ವೇಟಿಂಗ್ ಲಿಸ್ಟ್ ಅಂದರೆ ಬಾಗಿಲ ಹತ್ತಿರ ಹೋಗಿ ನಿಲ್ಲುವುದು. ಬರಬೇಕಾದವರು ಬರದಿದ್ದರೆ ನಿಮ್ಮ ಹೆಸರು ಕೂಗುತ್ತಾರೆ. ಆ ಬಾಗಿಲು ಇರುವುದು ಕಟ್ಟಡದ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ಹೊತ್ತಿಗೆ ಮುಟ್ಟಬೇಕಾದರೆ ಅದಕ್ಕಿಂತ ಮುಂಚಿನ ಕಾರ್ಯಕ್ರಮದಿಂದ ಅರ್ಧಕ್ಕೇ ಎದ್ದು ಬರಬೇಕು. ಹೆಸರು ಕೂಗದಿದ್ದರೆ? ಅಷ್ಟು ಹೊತ್ತಿಗೆ ಉಳಿದ ಪ್ಯಾನಲ್‌ಗಳ ಬಾಗಿಲೂ ಮುಚ್ಚಿರುತ್ತದೆ. ಒಂದು ಮೇಜಿಗಾಗಿ ಎರಡು ಕಾರ್ಯಕ್ರಮ ಕಳೆದುಕೊಂಡು, ಮೇಜೂ ಸಿಗದೆ, ಕಾರಿಡಾರಿನ ಗೋಡೆಗೆ ಒರಗಿ ನಿಲ್ಲುವುದು. ಅಲ್ಲಿ ನಿಂತವರ ಮುಖ ನೋಡಬೇಕಿತ್ತು. ಎಲ್ಲರ ಕೈಯಲ್ಲೂ ಫೈಲು, ಎಲ್ಲರಿಗೂ ಮುಂದಿನವರು ಗೈರುಹಾಜರಾಗಲಿ ಅಂತ ಆಸೆ.

ಕೊನೆಗೊಂದು ದಿನ ಕೂಗಿದರು. ಹಾರರ್ ಕಥೆಗಳ ಸಂಪಾದಕಿ, ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಎದುರಿಗೆ ಕೂತಿದ್ದ ಪುಣ್ಯಾತ್ಮ ತನ್ನ ಮೂರು ಸಂಪುಟದ ಕಾದಂಬರಿಯ ಕಥೆ ಶುರು ಮಾಡಿದ. ಮೊದಲ ಸಂಪುಟದ ರಾಜವಂಶ ಮುಗಿಯುವ ಹೊತ್ತಿಗೆ ಕಾಫಿ ಆರಿತ್ತು. ಆಕೆ ಎರಡು ಸಲ ನಯವಾಗಿ ಬೇರೆಯವರ ಕಡೆ ತಿರುಗಿದರು, ಆತ ಎರಡೂ ಸಲ "ಅದಕ್ಕೇ ಬರ್ತಾ ಇದ್ದೀನಿ ಮೇಡಂ" ಅಂದ. ನನ್ನ ಪಾಲಿಗೆ ಬಂದಿದ್ದು ಒಂದು ಪ್ರಶ್ನೆ. ಉತ್ತರ ಒಳ್ಳೆಯದೇ: ಹೆದರಿಸುವ ಘಟನೆ ಬರುವ ಮುಂಚೆ ಆ ಮನೆಯ ದಿನನಿತ್ಯದ ಬದುಕು ಓದುಗರಿಗೆ ರೂಢಿಯಾಗಿರಬೇಕು, ಇಲ್ಲದಿದ್ದರೆ ಏನು ಕೆಟ್ಟಿತು ಅಂತಲೇ ಗೊತ್ತಾಗುವುದಿಲ್ಲ. ಆದರೆ ಆ ಒಂದು ವಾಕ್ಯಕ್ಕೆ ನಾನು ಕೊಟ್ಟ ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಿಕ್ಕ ಸಮಾವೇಶದಲ್ಲಿ ಈ ರಗಳೆಯೇ ಇಲ್ಲ. ಇನ್ನೂರು ಚಿಲ್ಲರೆ ಜನ, ಒಂದು ಹೋಟೆಲು. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕವರು ಮಧ್ಯಾಹ್ನ ಊಟದ ಸಾಲಿನಲ್ಲಿ ಸಿಗುತ್ತಾರೆ, ಸಂಜೆ ಪಕ್ಕದ ಕುರ್ಚಿಯಲ್ಲಿರುತ್ತಾರೆ. ನನ್ನಂಥ ಸಂಕೋಚದ ಸ್ವಭಾವದವರಿಗೆ ಇದು ದೊಡ್ಡ ವರ. ಮೊದಲ ಸಲ ಸಿಕ್ಕಾಗ ನಾನು ಹೆಸರು ಹೇಳಿ ಸುಮ್ನೆ ನಗುತ್ತೇನೆ, ಅಷ್ಟೇ. ಮಾತು ಬರುವುದು ಎರಡನೇ ಸಲಕ್ಕೆ. ದೊಡ್ಡ ಕಡೆ ಆ ಎರಡನೇ ಸಲ ಬರುವುದೇ ಇಲ್ಲ, ಒಮ್ಮೆ ಸಿಕ್ಕವರು ಜನಸಾಗರದಲ್ಲಿ ಮುಳುಗಿಹೋಗುತ್ತಾರೆ.

ಇನ್ನೊಂದು, ಹಸ್ತಪ್ರತಿ ಓದುವ ಕೂಟ. ಕಥೆಯನ್ನು ಮುಂಚೆಯೇ ಕಳಿಸಬೇಕು, ಗುಂಪಿನವರೆಲ್ಲ ಓದಿಕೊಂಡೇ ಬರುತ್ತಾರೆ. ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳುತ್ತಾರೆ, ಎಲ್ಲರೂ ಮುಗಿಸುವವರೆಗೆ ಬರೆದವರು ಬಾಯಿ ತೆರೆಯುವ ಹಾಗಿಲ್ಲ. 1956ರಲ್ಲಿ ಅಮೆರಿಕದ ಮಿಲ್ಫರ್ಡ್‌ನಲ್ಲಿ ಸೈನ್ಸ್ ಫಿಕ್ಷನ್ ಬರಹಗಾರರು ಶುರು ಮಾಡಿದ ಕೂಟದ ಹೆಸರಿನಲ್ಲಿ ಈ ಕ್ರಮಕ್ಕೆ ಮಿಲ್ಫರ್ಡ್ ಪದ್ಧತಿ ಅಂತಲೇ ಕರೆಯುತ್ತಾರೆ. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ನನ್ನ ಕಥೆಯಲ್ಲಿ ಕಾವಲುಗಾರ ಮುದುಕನೊಬ್ಬ ಅರ್ಧ ಪುಟ ಬಂದು ಹೋಗುತ್ತಾನೆ. ಬೀಗದ ಕೈ ಕೊಡುವುದಷ್ಟೇ ಅವನ ಕೆಲಸ. ಓದಿದ ನಾಲ್ವರೂ ಕೇಳಿದ್ದು ಅವನನ್ನೇ. ಅವನು ಯಾಕೆ ಬೀಗದ ಕೈಯನ್ನು ಎಡಗೈಯಲ್ಲಿ ಕೊಟ್ಟ? ಆಮೇಲೆ ಎಲ್ಲಿಗೆ ಹೋದ? ನಾಯಕನ ಬಗ್ಗೆ ಒಬ್ಬರೂ ಕೇಳಲಿಲ್ಲ. ನಾನು ಎಡಗೈ ಅಂತ ಏನೂ ಯೋಚಿಸದೆ ಬರೆದಿದ್ದೆ. ಉತ್ತರ ಕೊಡುವ ಅವಕಾಶವಿದ್ದಿದ್ದರೆ ಹಾಗಂತ ಹೇಳಿ ಮಾತು ಮುಗಿಸಿಬಿಡುತ್ತಿದ್ದೆ. ಇಲ್ಲದ್ದರಿಂದ ಅದು ತಲೆಯಲ್ಲಿ ಕೂತಿತು. ಈಗ ಕಥೆ ಮುದುಕನದ್ದಾಗಿದೆ.

ಚಿಕ್ಕದರಲ್ಲೂ ಕೊರತೆ ಇದೆ. ಹೆಸರುವಾಸಿ ಲೇಖಕರು ಒಬ್ಬಿಬ್ಬರು ಮಾತ್ರ. ಪುಸ್ತಕದ ಮೇಜುಗಳೂ ಕಡಿಮೆ. ಹಳಬರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವುದರಿಂದ ಮೊದಲ ಸಂಜೆ ಯಾರದೋ ಮನೆ ಮದುವೆಗೆ ಹೋಗಿ ನಿಂತ ಹಾಗಿರುತ್ತದೆ.

ಆನ್‌ಲೈನ್ ಬಗ್ಗೆ ಎರಡು ಮಾತು ಸಾಕು. 2020ರಲ್ಲಿ ವರ್ಲ್ಡ್‌ಕಾನ್ ಪೂರ್ತಿ ಆನ್‌ಲೈನ್ ಆಯಿತು, ಆಮೇಲೆ ಎಷ್ಟೋ ಕಡೆ ಇದೂ ಒಂದು ಬಗೆಯ ಟಿಕೆಟ್ ಆಗಿ ಉಳಿದುಕೊಂಡಿದೆ. ಪ್ಯಾನಲ್ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ನಿಲ್ಲಿಸಿ ಟಿಪ್ಪಣಿ ಮಾಡಿಕೊಳ್ಳಬಹುದು. ಜನರ ಪರಿಚಯಕ್ಕೆ ಮಾತ್ರ ಏನೂ ಪ್ರಯೋಜನವಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಟಿಕೆಟ್ಟಿನ ಬೆಲೆ ಹೋಲಿಸುತ್ತಾ ಕೂರಬೇಡಿ. ಜೇಬಿಗೆ ಕತ್ತರಿ ಬೀಳುವುದು ರೂಮಿನಿಂದ. ದೊಡ್ಡದಕ್ಕೆ ಐದು ರಾತ್ರಿ ಬೇಕು, ಹತ್ತಿರದ ಹೋಟೆಲುಗಳು ಬೇಗ ತುಂಬುತ್ತವೆ, ದೂರದಲ್ಲಿ ಉಳಿದರೆ ರಾತ್ರಿಯ ಹರಟೆ ತಪ್ಪುತ್ತದೆ. ನಾನಂತೂ ಹತ್ತು ಗಂಟೆಗೆ ಮಲಗುವವನು, ಪಾರ್ಟಿಗಳು ನನಗಲ್ಲ. ಚಿಕ್ಕದು ಶನಿವಾರ-ಭಾನುವಾರ ಸೇರಿಸಿ ಮುಗಿಯುತ್ತದೆ, ರಜೆಯೂ ಉಳಿಯುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ವರ್ಷಕ್ಕೊಂದು ಚಿಕ್ಕದು, ಕೈಯಲ್ಲಿ ಕಥೆ ಇದ್ದಾಗ ಮಾತ್ರ. ದೊಡ್ಡದಕ್ಕೆ ಆನ್‌ಲೈನ್ ಟಿಕೆಟ್. ನಿಮ್ಮ ಪುಸ್ತಕ ಆಗಲೇ ಅಚ್ಚಾಗಿದ್ದರೆ, ಓದುಗರನ್ನು ಹುಡುಕುತ್ತಿದ್ದರೆ, ಹೊಸಬರ ಜೊತೆ ಐದೇ ನಿಮಿಷದಲ್ಲಿ ಹರಟುವ ಬಾಯಿ ನಿಮಗಿದ್ದರೆ, ನನ್ನ ಮಾತು ಬಿಡಿ, ದೊಡ್ಡದಕ್ಕೇ ಹೋಗಿ. ಆದರೆ ಮೇಜಿನ ಬುಕಿಂಗ್ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ.