ಹಲಗೆ ಹಿಂದಿನ ಗೇಜುಗಳು: ಏರ್ ಮ್ಯಾನೇಜರ್ ಬಳಸಿ ನೋಡಿದ ಮೇಲೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸೋ ಸಿಮ್ಯುಲೇಟರಿನ ಗೇಜುಗಳನ್ನು (ವೇಗ, ಎತ್ತರದಂಥ ಮಾಪಕಗಳನ್ನು) ಬೇರೆ ಸ್ಕ್ರೀನಿನಲ್ಲಿ ತೋರಿಸೋ ಏರ್ ಮ್ಯಾನೇಜರ್ ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ನಿಜವಾದ ವಿಮಾನದ ಫಲಕದ ಹಾಗೆ ಕಾಣಲು ಸ್ಕ್ರೀನಿನ ಮುಂದೆ ತೂತು ಕೊರೆದ ಹಲಗೆ ಇಡ್ತೀರಾ, ಇಲ್ಲ ಬರೀ ಸ್ಕ್ರೀನೇ ಸಾಕಾ? ಬರೀ ಸ್ಕ್ರೀನು ಸಾಕು ಅನ್ನೋರಿಗೆ ಇದೊಂದು ಶೋಕಿ. ಹಲಗೆ ಇಡೋರು ಮಾತ್ರ ಮುಂದೆ ಓದಿ.

ಇದು ನೆದರ್ಲೆಂಡ್ಸ್‌ನ ಸಿಮ್ ಇನೋವೇಷನ್ಸ್ ಕಂಪನಿಯ ಸಾಫ್ಟ್‌ವೇರ್. ಎಕ್ಸ್-ಪ್ಲೇನ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಪ್ರಿಪೇರ್ಡ್ (Prepar3D) ಈ ಸಿಮ್ಯುಲೇಟರುಗಳಿಂದ ವೇಗ, ಎತ್ತರ, ದಿಕ್ಕಿನ ಮಾಹಿತಿ ತಗೊಂಡು ಬೇರೊಂದು ಸ್ಕ್ರೀನಿನಲ್ಲಿ ಗೇಜುಗಳಾಗಿ ತೋರಿಸುತ್ತೆ. ಆ ಸ್ಕ್ರೀನು ಬೇರೆ ಕಂಪ್ಯೂಟರಿನದ್ದಾದರೂ ಸರಿ, ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಿನದ್ದಾದರೂ ಸರಿ. ನನ್ನದು ಎಕ್ಸ್-ಪ್ಲೇನು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ 24 ಇಂಚಿನ ಹಳೇ ಮಾನಿಟರು, ಅದರ ಮುಂದೆ 3 ಮಿ.ಮೀ. ದಪ್ಪದ ಕಪ್ಪು ಅಕ್ರಿಲಿಕ್ ಹಲಗೆ. ಹಾರಿಸೋ ವಿಮಾನ ಪುಟ್ಟ ಸೆಸ್ನಾ 172.

ಇದಕ್ಕೂ ಮುಂಚೆ ಎಫ್‌ಎಸ್‌ಎಕ್ಸ್ (ಮೈಕ್ರೋಸಾಫ್ಟಿನ ಹಳೇ ಸಿಮ್ಯುಲೇಟರು) ಕಾಲದಲ್ಲಿ ನಾವೆಲ್ಲ ಪ್ಯಾನೆಲ್ ಡಾಟ್ ಸಿಎಫ್‌ಜಿ ಅನ್ನೋ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೂರ್ತಿದ್ದೆವು. ಒಂದೊಂದು ಗೇಜಿಗೂ ಒಂದೊಂದು ಸಾಲು, ಕೊನೆಯಲ್ಲಿ ನಾಲ್ಕು ಅಂಕಿ: ಎಡದಿಂದ ಎಷ್ಟು, ಮೇಲಿಂದ ಎಷ್ಟು, ಅಗಲ, ಎತ್ತರ. ಅಂಕಿ ಬದಲಿಸು, ಸೇವ್ ಮಾಡು, ವಿಮಾನ ಮತ್ತೆ ಲೋಡ್ ಮಾಡು, ಕಾಯಿ. ಆ ಪರದಾಟ ಉಂಡವರಿಗೇ ಏರ್ ಮ್ಯಾನೇಜರಿನ ಬೆಲೆ ಗೊತ್ತಾಗೋದು. ಇಲ್ಲೂ ಅದೇ ನಾಲ್ಕು ಅಂಕಿ, ಆದರೆ ಬದಲಿಸಿದ ತಕ್ಷಣ ಗೇಜು ಕಣ್ಣೆದುರೇ ಜರುಗುತ್ತೆ. ಮೌಸಿನಲ್ಲಿ ಎಳೆದೂ ಕೂರಿಸಬಹುದು, ಆದರೆ ಹಲಗೆ ಇರುವವರು ಮೌಸು ಬಿಟ್ಟು ಅಂಕಿಯನ್ನೇ ನಂಬಬೇಕು.

ಲೆಕ್ಕ ಹೀಗೆ. ಚಿಕ್ಕ ವಿಮಾನಗಳಲ್ಲಿ ಗೇಜಿನ ತೂತು ಸಾಮಾನ್ಯವಾಗಿ ಮೂರೂ ಒಂದೆಂಟಾಂಶ ಇಂಚು, ಅಂದರೆ 79.4 ಮಿ.ಮೀ. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನ ಬೆಳಗುವ ಭಾಗ ಸುಮಾರು 531 ಮಿ.ಮೀ. ಅಗಲ, ಅದರಲ್ಲಿ 1920 ಪಿಕ್ಸೆಲ್. ಒಂದು ಪಿಕ್ಸೆಲ್ಲಿಗೆ 0.277 ಮಿ.ಮೀ. ಬಂತು. ಹಾಗಾಗಿ ತೂತು ತುಂಬೋ ಗೇಜಿಗೆ 287 ಪಿಕ್ಸೆಲ್. ಪಕ್ಕಪಕ್ಕದ ತೂತುಗಳ ಕೇಂದ್ರಗಳ ನಡುವೆ ನಾನು 90 ಮಿ.ಮೀ. ಇಟ್ಟಿದ್ದೇನೆ, ಅದು 325 ಪಿಕ್ಸೆಲ್. ಸಾಫ್ಟ್‌ವೇರಿಗೆ ಬೇಕಿರೋದು ಗೇಜಿನ ಎಡ ಮೇಲ್ಮೂಲೆ, ಡ್ರಿಲ್ಲಿಗೆ ಬೇಕಿರೋದು ನಡುಮಧ್ಯ. ಎರಡಕ್ಕೂ ಅರ್ಧ ಗೇಜಿನ ವ್ಯತ್ಯಾಸ. ಇನ್ನೊಂದು ಮಾತು: ಕೆಲವು ಗೇಜುಗಳ ಚಿತ್ರದಲ್ಲೇ ಸ್ಕ್ರೂ ಸಮೇತ ಹೊರಗಿನ ಬಳೆ ಬರೆದಿರ್ತಾರೆ. ಅಂಥದ್ದಕ್ಕೆ 287 ಕೊಟ್ಟರೆ ಡಯಲ್ಲು ಬಡಕಲಾಗುತ್ತೆ. ಬಳೆ ಹಲಗೆಯ ಹಿಂದೆ ಮರೆಯಾಗೋ ಹಾಗೆ ದೊಡ್ಡದು ಮಾಡಿ.

ಅಕ್ರಿಲಿಕ್ ಕತ್ತರಿಸಿದ್ದು ಪೀಣ್ಯದ ಒಂದು ಅಂಗಡಿ. ಕೆಳಸಾಲಿನ ಒಂದು ತೂತು ಒಂದು ಮಿಲಿಮೀಟರು ಬಲಕ್ಕೆ ಹೋಗಿತ್ತು. "ಅಷ್ಟು ಯಾರ್ ನೋಡ್ತಾರೆ ಸಾರ್" ಅಂದರು. ಎದುರು ಕೂತವನಿಗಂತೂ ಕಾಣುತ್ತೆ. ಹೊಸ ಹಲಗೆಯ ಗೋಜಿಗೆ ಹೋಗದೆ ಗೇಜನ್ನೇ 4 ಪಿಕ್ಸೆಲ್ ಬಲಕ್ಕೆ ಸರಿಸಿದೆ, ತೂತಿಗೆ ತಕ್ಕ ಹಾಗೆ ಕೂತಿತು.

ಅದಕ್ಕಿಂತ ಸೂಕ್ಷ್ಮವಾದದ್ದು ಓರೆ ನೋಟ. ಹಲಗೆಗೂ ಸ್ಕ್ರೀನಿಗೂ ನಡುವೆ ನನಗೆ 8 ಮಿ.ಮೀ. ಸಂದಿ ಇದೆ. ನಾನು ಕೂರೋದು ಮುಖ್ಯವಾದ ಆರು ಗೇಜುಗಳ ನೇರಕ್ಕೆ, ಕಣ್ಣಿಗೂ ಹಲಗೆಗೂ 60 ಸೆಂ.ಮೀ. ವಿಓಆರ್ ಗೇಜು (ನೆಲದ ರೇಡಿಯೋ ಕೇಂದ್ರ ಹಿಡಿದು ದಾರಿ ತೋರಿಸೋದು) ಅಲ್ಲಿಂದ 18 ಸೆಂ.ಮೀ. ಬಲಕ್ಕೆ. ಓರೆಯಾಗಿ ನೋಡಿದಾಗ ಅದರ ಎಡ ಅಂಚು ಒಂದು ಉಗುರಿನಷ್ಟು ನುಂಗಿಹೋಗಿ, ಬಲಗಡೆ ಕಪ್ಪು ಚಂದ್ರ ಮೂಡುತ್ತೆ. ಲೆಕ್ಕ ಹಾಕಿದರೆ 2.4 ಮಿ.ಮೀ., ಅಂದರೆ 9 ಪಿಕ್ಸೆಲ್ ಬಲಕ್ಕೆ ಸರಿಸಬೇಕು. ಸರಿಸಿದ ಮೇಲೆ ಪೂರ್ತಿ ದುಂಡಗೆ ಕಾಣಿಸ್ತು. ಪಕ್ಕದಲ್ಲಿ ನಿಂತು ನೋಡೋ ನೆಂಟರಿಗೆ ಸೊಟ್ಟ ಕಾಣುತ್ತೆ, ಇರಲಿ.

ಗೇಜುಗಳ ಆಯ್ಕೆ ದಂಡಿಯಾಗಿದೆ, ಅಲ್ಲೇ ಹುಷಾರಾಗಿರಬೇಕು. ಹಳೇ 172ರ ವೇಗದ ಗೇಜು ಮೈಲಿ ಲೆಕ್ಕದ್ದು. 172ಎಸ್‌ನದ್ದು ನಾಟ್ ಲೆಕ್ಕದ್ದು, ಮಾಮೂಲಿ ಹಾರಾಟದ ಹಸಿರು ಕಮಾನು 48ರಿಂದ 129, ದಾಟಲೇಬಾರದ ಕೆಂಪು ಗೆರೆ 163. ಜಕ್ಕೂರು, ಎಚ್‌ಎಎಲ್ ವಿಮಾನ ನಿಲ್ದಾಣಗಳ ಸುತ್ತ ಹಾರೋರು ಎತ್ತರದ ಗೇಜಿನಲ್ಲಿ ಗಾಳಿಯ ಒತ್ತಡ ಹೊಂದಿಸೋ ಕಿಟಕಿ ಹೆಕ್ಟೋಪ್ಯಾಸ್ಕಲ್ ಲೆಕ್ಕದಲ್ಲಿ ಇರೋದನ್ನೇ ಹಾಕ್ಕೊಳ್ಳಿ, ನಮ್ಮಲ್ಲಿ ಒತ್ತಡ ಹೇಳೋದು ಅದರಲ್ಲೇ. ಪಾದರಸದ ಇಂಚಿನ ಲೆಕ್ಕದಲ್ಲಿ 29.92 ಅಂತ ತೋರಿಸೋ ಅಮೆರಿಕನ್ ಗೇಜು ಹಾಕಿದರೆ ಪ್ರತಿ ಸಲ ಕೋಷ್ಟಕ ಹುಡುಕಬೇಕು. ಸಾಲು ಜೋಡಿಸುವಾಗ ವಿಮಾನದ ಕಾಲವನ್ನೂ ನೋಡಿ. ಈಗಿನ ಕ್ರಮದಲ್ಲಿ ಎತ್ತರದ ಗೇಜು ಮೇಲೆ ಬಲಕ್ಕೆ. ಬ್ರಿಟಿಷ್ ವಾಯುಪಡೆ 1937ರಲ್ಲಿ ಗೊತ್ತುಮಾಡಿದ ಆರರ ಫಲಕದಲ್ಲಿ ಅದು ಕೆಳಗೆ ಎಡಕ್ಕೆ, ಮೇಲೆ ಬಲಕ್ಕೆ ಏರಿಳಿತದ ವೇಗ ತೋರಿಸೋ ಗೇಜು. ಆ ಕಾಲದ ಯುದ್ಧವಿಮಾನ ಸ್ಪಿಟ್‌ಫೈರ್‌ನ ಫಲಕ ಕಟ್ಟೋರಿಗೆ ಇದು ಬೇಕಾಗುತ್ತೆ.

ಇರೋ ಗೇಜು ಒಪ್ಪದಿದ್ದರೆ ಲುವಾ ಭಾಷೆಯಲ್ಲಿ ನೀವೇ ಬರೆಯಬಹುದು. ಪ್ರೋಗ್ರಾಮಿಂಗ್ ಚೂರುಪಾರು ಬರುವವರಿಗೆ ಕಷ್ಟವಿಲ್ಲ. ಗೇಜಿನ ಗುಬ್ಬಿ (ನಾಬ್) ತಿರುಗಿಸಲು ಇದೇ ಕಂಪನಿಯ ನಾಬ್‌ಸ್ಟರ್ ಇದೆ, ಒಂದರ ಮೇಲೊಂದು ಕೂತ ಜೋಡಿ ಗುಬ್ಬಿ: ಸ್ಕ್ರೀನಿನಲ್ಲಿ ಯಾವ ಗುಬ್ಬಿ ಮುಟ್ಟುತ್ತೀರೋ ಇದು ಅದಾಗುತ್ತೆ. ಆದರೆ ಹಲಗೆ ಅಡ್ಡ ಇದ್ದರೆ ಮುಟ್ಟೋದೆಲ್ಲಿಂದ? ನಮ್ಮಂಥವರಿಗೆ ಆರ್ಡುಯಿನೋ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ತಿಳಿಸೋ ಗುಬ್ಬಿ) ಬೆಸೆದು ಹಲಗೆಗೇ ತಿರುಪು ಹಾಕೋದು ಸರಿಯಾದ ದಾರಿ. ಆರ್ಡುಯಿನೋವನ್ನು ಸಾಫ್ಟ್‌ವೇರು ನೇರವಾಗಿ ಗುರುತಿಸುತ್ತೆ.

ಏರ್‌ಬಸ್, ಜಿ1000 ಥರದ, ಅಂದರೆ ಮುಳ್ಳಿನ ಗೇಜುಗಳ ಬದಲು ಎಲೆಕ್ಟ್ರಾನಿಕ್ ಪರದೆ ಇರೋ ವಿಮಾನ ಹಾರಿಸೋರು ಮೊದಲು ಪುಕ್ಕಟೆ ದಾರಿ ನೋಡಿ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಬಲಗಡೆಯ ಆಲ್ಟ್ ಒತ್ತಿ ಪರದೆ ಮೇಲೆ ಕ್ಲಿಕ್ಕಿಸಿದರೆ ಅದು ಬೇರೆ ಕಿಟಕಿಯಾಗಿ ಹೊರಬರುತ್ತೆ, ಎರಡನೇ ಮಾನಿಟರಿಗೆ ಎಳೆದರಾಯಿತು. ಮುಳ್ಳಿನ ಗೇಜುಗಳಿಗೆ ಆ ಸೌಲಭ್ಯ ಇಲ್ಲ, ಅಲ್ಲಿ ಕಾಸು ಬಿಚ್ಚಬೇಕು.