ಫಾಂಡ್ಯೂಗೆ ಕಲ್ಚಟ್ಟಿಯೇ ಸರಿ: ಮೂರು ಪಾತ್ರೆಗಳಲ್ಲಿ ಮಾಡಿ ನೋಡಿದ ಮೇಲೆ

ಮನೆಗೆ ಬಂದವರನ್ನು ಮೇಜಿನ ಸುತ್ತ ಕೂರಿಸಿ, ನಡುವೆ ವೈನಿನಲ್ಲಿ ಕರಗಿಸಿದ ಚೀಸಿನ ಸ್ವಿಸ್ ತಿಂಡಿಯಾದ ಬಿಸಿಬಿಸಿ ಫಾಂಡ್ಯೂ ಇಟ್ಟು, ಎಲ್ಲರೂ ಬ್ರೆಡ್ ಅದ್ದಿಕೊಂಡು ತಿನ್ನಬೇಕು ಅನ್ನುವ ಆಸೆ ನಿಮಗೂ ಇದ್ದರೆ, ಆನ್‌ಲೈನಲ್ಲಿ ಫಾಂಡ್ಯೂ ಸೆಟ್ ಹುಡುಕುವ ಮುಂಚೆ ಗಾಂಧಿಬಜಾರೋ ಮಲ್ಲೇಶ್ವರವೋ ಚಿಕ್ಕಪೇಟೆಯೋ, ಹತ್ತಿರದ ಹಳೇ ಪಾತ್ರೆ ಅಂಗಡಿಗೆ ಹೋಗಿ ಒಂದು ಕಲ್ಚಟ್ಟಿ ನೋಡಿ ಬನ್ನಿ. ಅಡಿಯಲ್ಲಿ ಟೀಲೈಟ್ ಅನ್ನುವ ಪುಟ್ಟ ಮೇಣದಬತ್ತಿ ಇಡುವ ಪಿಂಗಾಣಿ ಸೆಟ್, ಎಲೆಕ್ಟ್ರಿಕ್ ಪಾಟ್, ಬಳಪದ ಕಲ್ಲಿನ ಕಲ್ಚಟ್ಟಿ, ಈ ಮೂರರಲ್ಲೂ ಮಾಡಿ ಬಡಿಸಿದ್ದೇನೆ. ಮೊದಲನೆಯದರಲ್ಲಿ ಈಗ ಚಾಕೊಲೇಟ್ ಕರಗಿಸುತ್ತೇವೆ, ಎರಡನೆಯದು ಅದನ್ನು ಕೊಟ್ಟ ಅತ್ತಿಗೆಯ ಮನೆಗೇ ವಾಪಸ್ ಹೋಯಿತು. ಕಲ್ಚಟ್ಟಿ ಮಾತ್ರ ಉಳಿದಿದೆ, ಅದಕ್ಕೊಂದು ಜೊತೆಯೂ ಬಂದಿದೆ.

ಫಾಂಡ್ಯೂ ಮಾಡುವುದು ಕಷ್ಟವಲ್ಲ. ಮಾಡಿದ್ದನ್ನು ಮಾತುಕತೆ ಮುಗಿಯುವವರೆಗೂ ಹದವಾಗಿ ಇಟ್ಟುಕೊಳ್ಳುವುದೇ ಕಷ್ಟ. ಆರಿದರೆ ಗಟ್ಟಿಯಾಗುತ್ತದೆ, ಕುದಿದರೆ ಒಡೆಯುತ್ತದೆ. ಚೀಸಿನ ಕೇಸಿನ್ ಪ್ರೋಟೀನನ್ನು ಕ್ಯಾಲ್ಸಿಯಂ ಹಿಡಿದಿಟ್ಟಿರುತ್ತದೆ. ಶಾಖ ಮಿತಿಮೀರಿದರೆ ಪ್ರೋಟೀನು ಮುದುಡಿಕೊಂಡು ಕೊಬ್ಬನ್ನು ಹೊರಹಾಕುತ್ತದೆ. ಆಗ ಮೇಲೆ ಹಳದಿ ಜಿಡ್ಡು, ಕೆಳಗೆ ಜಗಿಯಲಾಗದ ಮುದ್ದೆ. ವೈನಿನದೋ ನಿಂಬೆಯದೋ ಹುಳಿ ಹಾಕುವುದು ರುಚಿಗಷ್ಟೇ ಅಲ್ಲ. ಆ ಹುಳಿ ಕ್ಯಾಲ್ಸಿಯಂ ಅನ್ನು ತನ್ನತ್ತ ಸೆಳೆದುಕೊಂಡು ಪ್ರೋಟೀನನ್ನು ಸಡಿಲಿಸುತ್ತದೆ. ಕಾರ್ನ್‌ಫ್ಲೋರ್ ಕೊಬ್ಬಿನ ಹನಿಗಳು ಒಟ್ಟುಗೂಡದ ಹಾಗೆ ತಡೆಯುತ್ತದೆ. ವೈನಿನಲ್ಲಿ ಚೀಸ್ ಬೇಯಿಸುವ ವಿಧಾನ ಜ್ಯೂರಿಕ್‌ನಲ್ಲಿ 1699ರಷ್ಟು ಹಿಂದೆಯೇ ಬರವಣಿಗೆಯಲ್ಲಿ ಸಿಗುತ್ತದೆ, ಆದರೆ ಕಾರ್ನ್‌ಫ್ಲೋರ್ ಸ್ವಿಟ್ಜರ್ಲೆಂಡಿಗೆ ಬಂದದ್ದು 1905ರಲ್ಲಿ. ಒಡೆಯದ, ನುಣುಪಾದ ಫಾಂಡ್ಯೂ ಸುಲಭವಾದದ್ದು ಆಮೇಲೆ. ಇಷ್ಟೆಲ್ಲಾ ಸರಿಯಾಗಿ ಹಾಕಿದರೂ ಪಾತ್ರೆ ಕೈಕೊಟ್ಟರೆ ಮುಗಿಯಿತು.

ಪಿಂಗಾಣಿ ಸೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಒಂದು ಟೀಲೈಟಿನ ಉರಿ ಚಾಕೊಲೇಟಿಗೆ ಸಾಕು, ಚೀಸಿಗೆ ಸಾಲದು. ಚಾಕೊಲೇಟು ಮೈ ಬೆಚ್ಚಗಿದ್ದರೂ ಹರಿಯುತ್ತದೆ, ಚೀಸಿಗೆ ಅದರ ಎಷ್ಟೋ ಮೇಲಿನ ಶಾಖ ಬೇಕು. ಮೊದಲ ಸುತ್ತಿನ ಬ್ರೆಡ್ ಮುಗಿಯುವಷ್ಟರಲ್ಲಿ ಮೇಲೆ ಕೆನೆ ಕಟ್ಟುತ್ತದೆ, ಫೋರ್ಕ್ ಎತ್ತಿದರೆ ಇಡೀ ಗಟ್ಟಿಯೇ ಜೊತೆಗೆ ಏಳುತ್ತದೆ.

ಎಲೆಕ್ಟ್ರಿಕ್ ಪಾಟಿನ ಮೇಲೆ ನನಗೆ ಬಹಳ ಭರವಸೆ ಇತ್ತು. ಬಿಸಿ ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸಿ ಇಟ್ಟರೆ ಅದೇ ನೋಡಿಕೊಳ್ಳುತ್ತದಲ್ಲ! ತೊಂದರೆ ಅಲ್ಲೇ ಇದೆ. ಅದರ ಥರ್ಮೋಸ್ಟಾಟ್ ಶಾಖವನ್ನು ಒಂದೇ ಸಮ ಇಡುವುದಿಲ್ಲ. ಪಾತ್ರೆ ಆರುವ ತನಕ ಸುಮ್ಮನಿದ್ದು, ಟಕ್ ಎಂದು ಆನ್ ಆಗಿ ಪೂರ್ತಿ ಜೋರಿನಲ್ಲಿ ಕಾಯಿಸಿ, ಮತ್ತೆ ಟಕ್ ಎಂದು ಆಫ್ ಆಗುತ್ತದೆ. ಸಾರು ಬಿಸಿ ಮಾಡಲೋ ಎಣ್ಣೆ ಕಾಯಿಸಲೋ ಇದರಿಂದ ಏನೂ ತೊಂದರೆ ಇಲ್ಲ. ಚೀಸ್ ಹಾಗಲ್ಲ, ದಪ್ಪ, ತಾನಾಗಿ ಹೊರಳುವುದಿಲ್ಲ. ತಳದಲ್ಲಿ ಕಾಯಿಲ್ ಇರುವ ಜಾಗದ ಮೇಲೆ ಮಾತ್ರ ಬಳೆಯಾಕಾರದಲ್ಲಿ ಗುಳ್ಳೆ ಏಳುತ್ತದೆ, ನಡುವೆ ತಣ್ಣಗೇ ಇರುತ್ತದೆ. ಆ ಬಳೆಯ ಮೇಲಿನ ಚೀಸ್ ಮೊದಲು ಒಡೆಯುತ್ತದೆ. ಅಂಚಿನಲ್ಲಿ ಸಣ್ಣಗೆ ಜಿಡ್ಡು ಕಾಣಿಸಿಕೊಂಡಾಗ ಗಮನಿಸಿ ಕೈಯಾಡಿಸಿದರೆ ಉಳಿಸಬಹುದು, ಮಾತಿನಲ್ಲಿ ಮೈಮರೆತರೆ ಇಡೀ ಪಾತ್ರೆಗೆ ಹಬ್ಬುತ್ತದೆ.

ಗುಂಡಿಯನ್ನು ಕೆಳಗಿನ ಗುರುತಿಗೆ ಇಟ್ಟರೆ ಆಫ್ ಇರುವ ಹೊತ್ತು ಜಾಸ್ತಿ, ಚೀಸ್ ಎಳೆಯುತ್ತದೆ. ಒಂದು ಗುರುತು ಮೇಲಿಟ್ಟರೆ ತಳ ಹಿಡಿಯುತ್ತದೆ. ಎರಡರ ನಡುವೆ ನಿಲ್ಲಿಸೋಣವೆಂದರೆ ಗುಂಡಿ ಅಲ್ಲಿ ನಿಂತರೂ ಥರ್ಮೋಸ್ಟಾಟಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ಆತಿಥೇಯರಾದವರು ಊಟ ಪೂರ್ತಿ ಒಂದು ಕಿವಿಯನ್ನು ಆ ಟಕ್ ಸದ್ದಿನ ಕಡೆ ಇಟ್ಟುಕೊಂಡೇ ಕೂರಬೇಕು. ಸದ್ದಾದ ಕೂಡಲೇ ಕೈಯಾಡಿಸಬೇಕು. ಬಂದವರು ತಮ್ಮ ಮಗಳ ಕಾಲೇಜು ಸೀಟಿನ ವಿಷಯ ಹೇಳುತ್ತಿರುವಾಗ ನಾನು ಪಾತ್ರೆ ಕಡೆ ನೋಡುತ್ತಿರುವುದು ನನಗೇ ಸರಿಬರಲಿಲ್ಲ. ಅತಿಥಿಗಳ ಜೊತೆ ಕೂತು ತಿನ್ನಲಿ ಅಂತಲೇ ಇರುವ ತಿಂಡಿ ಇದು.

ಇನ್ನು ವೈರು. ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿಗೆ ಹತ್ತಿರದ ಪ್ಲಗ್ ಇರುವುದು ಫ್ರಿಜ್ ಹಿಂದೆ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದರೆ ನಡೆಯುವ ದಾರಿಗೆ ಅಡ್ಡ. ಮಕ್ಕಳಿರುವ ಮನೆಯಲ್ಲಿ ಬಿಸಿ ಚೀಸಿನ ಪಾತ್ರೆಗೆ ಅಂಟಿಕೊಂಡ ವೈರು ನೆಲದ ಮೇಲೆ ಹರಡಿರುವುದು ಬೇಡವೇ ಬೇಡ.

ಇಂಡಕ್ಷನ್ ಒಲೆಯನ್ನೇ ಮೇಜಿಗೆ ತಂದಿಟ್ಟರೂ ಆಗುತ್ತದೆ, ಆದರೆ ಅದಕ್ಕೂ ವೈರು, ಅದಕ್ಕೂ ಅದೇ ಆನ್-ಆಫ್.

ಕಲ್ಚಟ್ಟಿ ಹೊಳೆದದ್ದು ಅತ್ತೆಯ ಮಾತಿನಿಂದ. ಸಾಂಬಾರು ಮಾಡುವಾಗ ಅವರು ಯಾವಾಗಲೂ, “ಇನ್ನೂ ಕುದಿಬೇಕು ಅನ್ನಿಸುವಾಗಲೇ ಒಲೆ ಆರಿಸಿಬಿಡಮ್ಮ, ಮಿಕ್ಕಿದ್ದು ಕಲ್ಲು ನೋಡಿಕೊಳ್ಳತ್ತೆ” ಅನ್ನುತ್ತಾರೆ. ಫಾಂಡ್ಯೂಗೆ ಬೇಕಾದದ್ದು ಸರಿಯಾಗಿ ಅದೇ. ಒಂದೇ ತೂಕದ ಕಬ್ಬಿಣಕ್ಕಿಂತ ಬಳಪದ ಕಲ್ಲು ಸುಮಾರು ಎರಡು ಪಟ್ಟು ಶಾಖ ಹಿಡಿದಿಡುತ್ತದೆ, ಅದನ್ನು ನಿಧಾನವಾಗಿ, ಎಲ್ಲ ಕಡೆಯಿಂದಲೂ ಬಿಡುತ್ತದೆ. ಟಕ್ ಇಲ್ಲ, ಬಳೆ ಇಲ್ಲ. ನಮ್ಮ ಈ ಪಾತ್ರೆಯಲ್ಲಿ ಅವರ ತಿಂಡಿ ಮಾಡುವುದು ವಿಚಿತ್ರವೆನ್ನಿಸಬಹುದು. ಆದರೆ ಸ್ವಿಸ್ಸರ ಫಾಂಡ್ಯೂ ಪಾತ್ರೆ ‘ಕಾಕಲೋನ್’ ಮೂಲದಲ್ಲಿ ದಪ್ಪ ಮಣ್ಣಿನದೇ, ಮತ್ತು ಆಲ್ಪ್ಸಿನ ದಕ್ಷಿಣದ ಟಿಚಿನೋ, ವಾಲ್ತೆಲ್ಲೀನಾ ಸೀಮೆಗಳಲ್ಲಿ ಬಳಪದ ಕಲ್ಲನ್ನೇ ಕಡೆದು ಮಾಡಿದ ಅಡುಗೆ ಪಾತ್ರೆಗಳು ಶತಮಾನಗಳಿಂದ ಬಳಕೆಯಲ್ಲಿವೆ. ಬೇಲೂರು, ಹಳೇಬೀಡಿನಲ್ಲಿ ನಮ್ಮವರು ಅಷ್ಟು ಸೂಕ್ಷ್ಮವಾಗಿ ಕೆತ್ತಿದ್ದೂ ಇದೇ ಜಾತಿಯ ಮೆದು ಕಲ್ಲನ್ನು.

ಮಾಡುವ ಕ್ರಮ ಸ್ವಲ್ಪ ಬದಲಾಗುತ್ತದೆ. ನಾಲ್ಕು ಜನಕ್ಕೆ, ಜೊತೆಗೆ ಬೇರೆ ತಿಂಡಿಯೂ ಇದ್ದರೆ, 400 ಗ್ರಾಂ ತುರಿದ ಚೀಸ್, 175 ಮಿಲಿಲೀಟರ್ ವೈನ್, ಎರಡು ಟೀ ಚಮಚ ಕಾರ್ನ್‌ಫ್ಲೋರ್. ಬೆಳ್ಳುಳ್ಳಿ ಎಸಳನ್ನು ಸೀಳಿ ಪಾತ್ರೆಯ ಒಳಗೆಲ್ಲಾ ಉಜ್ಜಿ, ವೈನ್ ಹಾಕಿ, ಗ್ಯಾಸನ್ನು ಸಣ್ಣಗಿಟ್ಟು ಶುರು ಮಾಡಿ. ಬರೀ ಕಲ್ಲನ್ನು ಕಾಯಿಸಬೇಡಿ, ಉರಿಯನ್ನು ಏಕ್‌ದಂ ಏರಿಸಲೂಬೇಡಿ, ಸೀಳು ಬಿಡುತ್ತದೆ. ಕಾಲು ಗಂಟೆ ಹಿಡಿಯುತ್ತದೆ, ಹಿಡಿಯಲಿ. ವೈನಿನ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಕಂಡಾಗ ಕಾರ್ನ್‌ಫ್ಲೋರ್ ಹೊರಳಿಸಿದ ಚೀಸನ್ನು ಹಿಡಿ ಹಿಡಿಯಾಗಿ ಹಾಕುತ್ತಾ, ಮರದ ಸೌಟಿನಲ್ಲಿ ದುಂಡಗೆ ತಿರುಗಿಸದೆ ಅಡ್ಡಡ್ಡ ಕೈಯಾಡಿಸಿ. ಮೂರನೇ ಎರಡು ಭಾಗ ಚೀಸ್ ಹೋಗಿದ್ದೇ ಒಲೆ ಆರಿಸಿ. ಉಳಿದದ್ದನ್ನು ಕಲ್ಲಿನ ಕಾವಿಗೇ ಬಿಡಿ. ಮೊದಲು ಎಳೆಎಳೆಯಾಗಿ, ಬೇರೆ ಬೇರೆಯಾಗಿ ಕಾಣುತ್ತದೆ, ಹೆದರಬೇಡಿ. ಒಂದೆರಡು ನಿಮಿಷದಲ್ಲಿ ಸೌಟಿನಿಂದ ರಿಬ್ಬನ್ನಿನಂತೆ ಇಳಿಯುತ್ತದೆ. ಜಾಯಿಕಾಯಿ ಒಂದಿಷ್ಟು ತೇಯ್ದು ಹಾಕಿ, ಸಿಂಬೆಯ ಮೇಲೆ ಕೂರಿಸಿ ಮೇಜಿಗೆ ತನ್ನಿ. ಅರ್ಧ ಗಂಟೆಯ ಹತ್ತಿರ ಯಾವ ಉರಿಯೂ ಬೇಡ. ಮಾತು ಇನ್ನೂ ಉದ್ದ ಹೋದರೆ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು ಅಡಿಯಲ್ಲಿ ಎರಡು ಟೀಲೈಟ್ ಹಚ್ಚುತ್ತೇನೆ. ಪಿಂಗಾಣಿಯನ್ನು ಕಾಯಿಸಲಾರದ ಅದೇ ಟೀಲೈಟು, ಮೊದಲೇ ಕಾದ ಕಲ್ಲು ಆರದಂತೆ ಚೆನ್ನಾಗಿ ತಡೆಯುತ್ತದೆ.

ಕಲ್ಚಟ್ಟಿಯ ತೊಂದರೆ ಅಂದರೆ ಪಳಗಿಸುವ ಕೆಲಸ. ಹೊಸದಕ್ಕೆ ಹರಳೆಣ್ಣೆ ಅರಿಶಿನ ಸವರಿ ಇಟ್ಟು, ಆಮೇಲೆ ದಿನಾ ಬಿಸಿ ಗಂಜಿ ತುಂಬಿಸಿಟ್ಟು, ನಿಧಾನಕ್ಕೆ ಒಲೆಗೆ ಏರಿಸಬೇಕು. ಈ ವಾರ ಕೊಂಡು ಈ ಶನಿವಾರ ಫಾಂಡ್ಯೂ ಮಾಡಲಾಗದು. ಭಾರವೂ ಹೌದು.

ಚೀಸಿನ ವಿಷಯದಲ್ಲಿ ನಮ್ಮೂರಿನ ಅತಿಥಿಗಳಿಗೆ ಸಂಬಂಧಿಸಿದ ಒಂದು ಮುಖ್ಯ ಸಂಗತಿ ಇದೆ. ಫಾಂಡ್ಯೂಗೆ ಹೆಸರಾದ ಗ್ರುಯೆರ್ ಎಂಬ ಸ್ವಿಸ್ ಚೀಸ್ ಸಸ್ಯಾಹಾರವಲ್ಲ. ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಇದನ್ನು ಹೇಳದೆ ಸಸ್ಯಾಹಾರಿಗಳ ಮುಂದೆ ಇಡುವುದು ತಪ್ಪು. ಇಲ್ಲಿ ತಯಾರಾದ, ಹಸಿರು ಚುಕ್ಕಿಯ ಚೀಸಿನಲ್ಲಿ ಆ ಚಿಂತೆ ಇಲ್ಲ. ಅಮುಲ್‌ನ ಗೌಡಾ, ಎಮೆಂಟಾಲ್ ಎರಡೂ ಚೆನ್ನಾಗಿ ಕರಗುತ್ತವೆ, ಗ್ರುಯೆರ್‌ಗಿಂತ ಬೆಲೆಯೂ ಎಷ್ಟೋ ಕಡಿಮೆ. ಅದಕ್ಕೆ ಕಾಲು ಭಾಗ ನಂದಿನಿಯದೋ ಬೇರೆಯದೋ ಪ್ರೊಸೆಸ್ಡ್ ಚೀಸ್ ಬೆರೆಸಿದರೆ ಒಡೆಯುವ ಭಯ ಬಹಳ ಕಮ್ಮಿ, ಯಾಕೆಂದರೆ ಕ್ಯಾಲ್ಸಿಯಂ ಹಿಡಿಯುವ ಲವಣ ಅದರಲ್ಲಿ ಮೊದಲೇ ಇರುತ್ತದೆ. ಪ್ರೊಸೆಸ್ಡ್ ಚೀಸನ್ನು ಕೀಳಾಗಿ ನೋಡುವವರಿಗೆ ಹೇಳಬೇಕು, 1911ರಲ್ಲಿ ಅದನ್ನು ರೂಪಿಸಿದ್ದೂ ಸ್ವಿಸ್ಸರೇ, ಥುನ್ ಊರಿನ ಗೆರ್ಬರ್ ಮತ್ತು ಸ್ಟೆಟ್ಲರ್. ಮೊಝರೆಲ್ಲಾ ಬೇಡ, ದಾರ ಎಳೆಯುತ್ತದೆ. ಪನೀರು ಕರಗುವುದೇ ಇಲ್ಲ.

ವೈನೋ ನಿಂಬೆಯೋ ಅಂದರೆ ರುಚಿಗೆ ವೈನೇ ಮೇಲು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯಿಂದ ಮಾಡಿದ, ಸಿಹಿಯಿಲ್ಲದ ಬಿಳಿ ವೈನ್ ಧಾರಾಳವಾಗಿ ಸಾಕು. ವೈನ್ ಬೇಡವೆಂದರೆ ಅಷ್ಟೇ ನೀರಿಗೆ ಒಂದು ದೊಡ್ಡ ಚಮಚ ನಿಂಬೆರಸ. ಸೇಬಿನ ಜ್ಯೂಸ್ ಸಿಹಿಯಾಗುತ್ತದೆ.

ಬ್ರೆಡ್ ಗಟ್ಟಿ ಹೊರಪದರದ್ದಿರಲಿ, ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು. ಸ್ಯಾಂಡ್‌ವಿಚ್ ಬ್ರೆಡ್ ಫೋರ್ಕಿನಿಂದ ಕಳಚಿ ಒಳಗೇ ಉಳಿಯುತ್ತದೆ. ಬೇಯಿಸಿದ ಪುಟ್ಟ ಆಲೂಗಡ್ಡೆ, ಹಬೆಯಾಡಿಸಿದ ಹೂಕೋಸು ಎಲ್ಲರಿಗೂ ಇಷ್ಟ.

ಕಲ್ಚಟ್ಟಿಯ ಕಡೆಗೆ ನನ್ನನ್ನು ಪೂರ್ತಿ ಒಲಿಸಿದ್ದು ಮಾತ್ರ ಶಾಖಕ್ಕಿಂತ ಎಂಜಲಿನ ಪ್ರಶ್ನೆ. ಒಂದೇ ಪಾತ್ರೆಗೆ ಎಲ್ಲರೂ ಬಾಯಿಗಿಟ್ಟ ಫೋರ್ಕ್ ಅದ್ದುವುದು ನಮ್ಮ ಹಿರಿಯರಿಗೆ ಆಗದು, ಆಗಬೇಕು ಅಂತ ನಾನು ಬಯಸುವುದೂ ಇಲ್ಲ. ಉದ್ದ ಫೋರ್ಕಿನಲ್ಲಿ ಅದ್ದಿ ತಂದು ತಟ್ಟೆಗಿಳಿಸಿ, ಬೇರೆ ಫೋರ್ಕಿನಲ್ಲಿ ತಿನ್ನುವುದು ನಮ್ಮ ಮನೆಯ ಕ್ರಮ. ಮಕ್ಕಳೂ ಬೇಗ ಕಲಿತರು. ಆದರೂ ಚಿಕ್ಕಮ್ಮನಿಗೆ ವೈನ್ ಬೇಡ, ಬೆಳ್ಳುಳ್ಳಿ ಬೇಡ, ರೆನ್ನೆಟ್ ಮೊದಲೇ ಬೇಡ. ಹಾಗಾಗಿ ಅವರಿಗೆಂದೇ ಎರಡನೇ ಚಿಕ್ಕ ಕಲ್ಚಟ್ಟಿ ಬಂತು. ಅದರಲ್ಲಿ ಹಸಿರು ಚುಕ್ಕಿಯ ಗೌಡಾ, ನಿಂಬೆರಸ, ಕಾಳುಮೆಣಸು, ಜಾಯಿಕಾಯಿ, ಅಷ್ಟೇ. ವೈನ್ ಸೋಕದ ಪಾತ್ರೆ ಅದು, ಮುಂದೆಯೂ ಸೋಕುವುದಿಲ್ಲ. “ನನಗೇಂತ ಬೇರೆ ಇಟ್ಟಿದ್ದೀಯಲ್ಲೇ” ಅಂತ ಅವರು ಎರಡನೇ ಸಲ ಆಲೂಗಡ್ಡೆ ಹಾಕಿಸಿಕೊಂಡರು. ಎರಡು ಕಲ್ಚಟ್ಟಿ ಸೇರಿದರೂ ಒಂದು ಎಲೆಕ್ಟ್ರಿಕ್ ಪಾಟಿನ ಬೆಲೆಯ ಅರ್ಧವೂ ಆಗಲಿಲ್ಲ, ಮಿಕ್ಕ ದಿನ ಹುಳಿ, ಗೊಜ್ಜು, ವತ್ತಕೊಳಂಬಿಗೆ ದುಡಿಯುತ್ತವೆ.

ಎಲೆಕ್ಟ್ರಿಕ್ ಯಾರಿಗೆ ಸರಿ ಅಂದರೆ, ಮೇಜಿನ ಪಕ್ಕದಲ್ಲೇ ಪ್ಲಗ್ ಇದ್ದು, ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದೆ, ಚೀಸಿನ ಜೊತೆ ಎಣ್ಣೆ ಫಾಂಡ್ಯೂ (ಮೇಜಿನ ಮೇಲೆಯೇ ಕಾದ ಎಣ್ಣೆಯಲ್ಲಿ ಅದ್ದಿ ಕರಿದುಕೊಳ್ಳುವುದು), ಸೂಪ್ ಎಲ್ಲವನ್ನೂ ಅದರಲ್ಲೇ ಮಾಡುವವರಿಗೆ. ಅಪರೂಪಕ್ಕೊಮ್ಮೆ ಚಾಕೊಲೇಟ್ ಮಾತ್ರ ಅಂದರೆ ಪಿಂಗಾಣಿ ಸೆಟ್ ಸಾಕು. ನಮ್ಮನೆಯ ಹಾಗೆ ಬಂದವರು ತಡವಾಗಿ ಬಂದು, ನಿಧಾನವಾಗಿ ತಿಂದು, ಎದ್ದು ಹೋಗಿ ಬಾಲ್ಕನಿಯಲ್ಲಿ ಮಾತಾಡಿ, ಮತ್ತೆ ಬಂದು ಅದ್ದಿಕೊಳ್ಳುವ ಪೈಕಿಯಾದರೆ ಕಲ್ಚಟ್ಟಿಯೇ.

ಕೊಳ್ಳುವಾಗ ಒಂದೂವರೆ ಲೀಟರಿನದು ನೋಡಿ, ತಳ ದಪ್ಪಗಿರಲಿ. ಒಳಗೆ ನೀರು ತುಂಬಿಸಿ ಹೊರಗೆ ತೇವ ಬರುತ್ತದೆಯೇ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಫಾಂಡ್ಯೂ ಮುಗಿದ ಮೇಲೆ ತಳದಲ್ಲಿ ಹೊಂಬಣ್ಣದ ಗರಿಗರಿ ಪದರ ಉಳಿದಿರುತ್ತದೆ. ಅದನ್ನು ಮರದ ಸೌಟಿನಿಂದ ಎಬ್ಬಿಸಿ ಹಂಚಿ ತಿನ್ನಿ, ಬಿಸಾಡಬೇಡಿ. ಬಿಸಿ ಕಲ್ಲಿಗೆ ತಣ್ಣೀರು ಸುರಿಯದೆ ಪೂರ್ತಿ ಆರಲು ಬಿಟ್ಟು, ಆಮೇಲೆ ಸೋಪಿನ ಬದಲು ಕಡಲೆಹಿಟ್ಟು ಹಾಕಿ ಉಜ್ಜಿ ತೊಳೆಯಿರಿ. ಸೋಪಿನ ವಾಸನೆಯನ್ನು ಕಲ್ಲು ಹಿಡಿದಿಟ್ಟುಕೊಳ್ಳುತ್ತದೆ.